22 ಸಾವಿರ ಸಂಬಳದಲ್ಲಿ ಕೌನ್ಸೆಲಿಂಗ್ ಖರ್ಚು

ಗದಗದಿಂದ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಕೌನ್ಸೆಲಿಂಗ್‌ಗೆ ಹೋಗಿ, ಸಲಕ್ಕೆ 800 ರೂಪಾಯಿ ಕೊಡೋದು 22 ಸಾವಿರ ಸಂಬಳದಲ್ಲಿ ಹೊಂದುತ್ತಾ ಅಂತ ಕೇಳಿದ್ದೀರಿ. ಫೀಸೇ ತಿಂಗಳಿಗೆ 3,200. ಮೇಲೆ ಬಸ್ ಚಾರ್ಜು, ಅರ್ಧ ದಿನದ ರಜೆ. ಆ ರಜೆಯ ಲೆಕ್ಕ ಮರೆತು ನನಗೆ ಮೂರನೇ ತಿಂಗಳಿಗೇ ಕೈ ಖಾಲಿಯಾಗಿತ್ತು.

ಮೊದಲು ಧಾರವಾಡದ ಡಿಮ್ಹಾನ್ಸ್‌ಗೆ ಹೋಗಿ ಬನ್ನಿ. ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ, ಖರ್ಚು ಕಡಿಮೆ. ಜನ ಈಗಲೂ ‘ಹುಚ್ಚಾಸ್ಪತ್ರೆ’ ಅನ್ನುತ್ತಾರೆ, ಅನ್ನಲಿ ಬಿಡಿ. ಪಾಳಿ ಹಚ್ಚಬೇಕಾಗುತ್ತೆ, ಬೆಳಿಗ್ಗೆನೇ ಹೊರಡಿ. ಖಾಸಗಿಯೇ ಬೇಕಾದರೆ ಎಷ್ಟು ಸಲ ಬರಬೇಕಾಗಬಹುದು, ಆಮೇಲೆ ಹದಿನೈದು ದಿನಕ್ಕೊಮ್ಮೆ ಸಾಕಾ ಅಂತ ಮೊದಲ ದಿನವೇ ಕೇಳಿಬಿಡಿ.

ವಿಮೆ ನಂಬಿ ಕೂರಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆಗೂ ವಿಮೆ ಇರಬೇಕು ಅಂತಿದೆ. ಆದರೆ ಹೆಚ್ಚಿನ ಪಾಲಿಸಿಗಳಲ್ಲಿ ಅಡ್ಮಿಟ್ ಆದರೆ ಮಾತ್ರ ದುಡ್ಡು. ನಡುರಾತ್ರಿ ತೀರಾ ತಡೆಯೋಕೆ ಆಗದಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು.