ಆ ಹುಡುಗನಿಗೆ ಕೋರ್ಸ್ ಬಿಡು ಎಂದಿದ್ದು ಯಾಕೆ

ಇಂಥದೇ ಕಥೆ ಹೊತ್ತ ಮನೆಯವರು ಸಲಹೆಗೆ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಕ್ಯಾಲಿಫೋರ್ನಿಯಾದ ಕನ್ನಡ ಕುಟುಂಬ. ಹುಡುಗ ಹತ್ತನೇ ಗ್ರೇಡ್. ಅಪ್ಪ ಸಾಫ್ಟ್‌ವೇರ್ ಇಂಜಿನಿಯರ್. ಮಗನನ್ನು ಈಗಲೇ ಕಮ್ಯುನಿಟಿ ಕಾಲೇಜಿನ (ಅಲ್ಲಿನ ಎರಡು ವರ್ಷದ ಸರ್ಕಾರಿ ಕಾಲೇಜು) ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗ್ ಕೋರ್ಸಿಗೆ ಸೇರಿಸಿದ್ದರು. ಯೂನಿಟ್‌ಗೆ 46 ಡಾಲರ್ ಶುಲ್ಕ, ಹೈಸ್ಕೂಲ್ ಮಕ್ಕಳಿಗೆ ಅದನ್ನೂ ಎಷ್ಟೋ ಕಾಲೇಜುಗಳು ತೆಗೆದುಕೊಳ್ಳುವುದಿಲ್ಲ. ಮುಂದೆ ಡಿಗ್ರಿಗೆ ಲೆಕ್ಕಕ್ಕೆ ಬರೋ ಕ್ರೆಡಿಟ್ ಸುಮ್ನೆ ಸಿಗುವಾಗ ಯಾಕೆ ಬಿಡಬೇಕು ಅನ್ನೋದು ಅಪ್ಪನ ಲೆಕ್ಕ. ಹುಡುಗ ರಾತ್ರಿ ನಿದ್ದೆ ಮಾಡುತ್ತಿಲ್ಲ ಅಂತ ಅಮ್ಮ ಕರೆತಂದಿದ್ದರು.

ಮೂರನೇ ಸಲ ಮೂವರೂ ಬಂದರು. ಅಪ್ಪ ಮಗನ ಫೋನ್ ಇಸಿದುಕೊಂಡು ಮಾರ್ಕ್ಸ್ ತೋರಿಸಿದರು. ಹೋಮ್‌ವರ್ಕ್ 96, ಮಿಡ್‌ಟರ್ಮ್ 41. "ಮನೇಲಿ ಇಷ್ಟು ಚೆನ್ನಾಗಿ ಮಾಡ್ತಾನೆ ಮೇಡಂ, ಪರೀಕ್ಷೆ ಅಂದ್ರೆ ಭಯ. ಅದೊಂದು ಹೋಗೋ ಹಾಗೆ ಮಾಡಿ." ಹುಡುಗ ಅಂಗಿ ತೋಳಿನ ದಾರ ಎಳೆಯುತ್ತಾ ಕೂತಿದ್ದ. ತಲೆ ಎತ್ತದೇ ಹೇಳಿದ, "ಅಪ್ಪಾ, ಹೋಮ್‌ವರ್ಕ್ ಮಾರ್ಕ್ಸ್ ನಿಂದು. ಮಿಡ್‌ಟರ್ಮ್ ಮಾತ್ರ ನಂದು."

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಮ್ಮ ಬಾಯಿಬಿಟ್ಟರು. ರಾತ್ರಿ ಹನ್ನೊಂದಕ್ಕೆ ಅಪ್ಪ ಪಾಯಿಂಟರ್ ಅನ್ನೋ ಸಿ ಪ್ಲಸ್ ಪ್ಲಸ್ ಪಾಠ ಹೇಳಿಕೊಡಲು ಕೂರುತ್ತಾರೆ, ಅವನಿಗೆ ಹತ್ತೋದಿಲ್ಲ, ಇವರಿಗೆ ತಾಳ್ಮೆ ಇಲ್ಲ, ಕೊನೆಗೆ ಲ್ಯಾಪ್‌ಟಾಪ್ ಎಳೆದುಕೊಂಡು ಇವರೇ ಟೈಪ್ ಮಾಡಿಬಿಡುತ್ತಾರೆ.

ನಾನು ಹೇಳಿದ್ದು ಇಷ್ಟು: ಗಡುವಿನೊಳಗೆ ಕೋರ್ಸ್ ಬಿಡಿಸಿ, ದಾಖಲೆಯಲ್ಲಿ ಡಬ್ಲ್ಯೂ (ಕೋರ್ಸ್ ಮಧ್ಯದಲ್ಲೇ ಬಿಟ್ಟ ಅನ್ನೋ ಗುರುತು) ಬಂದರೆ ಬರಲಿ. ಮಗನಿಗೆ ಸೋಲೋದು ಕಲಿಸ್ತಿದ್ದೀರಾ ಅಂತ ಅಪ್ಪ ಸಿಟ್ಟಾದರು. ಇಲ್ಲ. ಇದು ಟ್ಯೂಷನ್ ಅಲ್ಲ, ನಿಜವಾದ ಕಾಲೇಜು ಕೋರ್ಸ್. ಇಲ್ಲಿ ಬಂದ ಡಿ ಗ್ರೇಡ್ ಅವನ ಕಾಲೇಜು ಜಿಪಿಎಗೆ, ಅಂದರೆ ಗ್ರೇಡ್‌ಗಳ ಸರಾಸರಿಗೆ, ಸೇರುತ್ತದೆ, ಮುಂದೆ ಅರ್ಜಿ ಹಾಕುವಾಗ ತೋರಿಸಲೇಬೇಕು. ಡಬ್ಲ್ಯೂ ಕೂಡ ಅಳಿಸಿಹೋಗುವುದಿಲ್ಲ, ಆದರೆ ಜಿಪಿಎ ಮುಟ್ಟುವುದಿಲ್ಲ. ಹದಿನೈದು ವರ್ಷದವನಾದರೂ ಕಾನೂನು ಪ್ರಕಾರ ಆ ದಾಖಲೆಯ ಹಕ್ಕು ಅವನದು, ಅಪ್ಪ ಫೋನ್ ಮಾಡಿದಾಗ ಕಾಲೇಜಿನವರು ಮಗನ ಒಪ್ಪಿಗೆ ಕೇಳಿದ್ದು ಅದಕ್ಕೇ. ಅವನ ಹೆಸರಲ್ಲಿ ಉಳಿಯೋದನ್ನು ಅಪ್ಪ ಬರೆಯಬಾರದು, ಅಲ್ವಾ? ಮೋಸ ಅನ್ನೋ ಮಾತನ್ನೂ ನಾನು ಆಡಿದೆ. ಅವರಿಗೆ ನೋವಾಯಿತು, ಆದರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಸೆ ಇದ್ದರೆ ಮುಂದಿನ ವರ್ಷ ಶಾಲೆಯಲ್ಲೇ ಎಪಿ ಕಂಪ್ಯೂಟರ್ ಸೈನ್ಸ್ ಎ (ಹೈಸ್ಕೂಲಿನಲ್ಲೇ ಕಲಿಯೋ ಕಾಲೇಜು ಮಟ್ಟದ ಕೋರ್ಸ್) ತಗೊಳ್ಳಲಿ ಎಂದೆ. ವರ್ಷಪೂರ್ತಿ ಜಾವಾ ಪ್ರೋಗ್ರಾಮಿಂಗ್, ಮೇನಲ್ಲಿ ಪರೀಕ್ಷೆ, 5ಕ್ಕೆ ಸ್ಕೋರ್. ಅದರಲ್ಲೂ ಕ್ರೆಡಿಟ್ ಗ್ಯಾರಂಟಿ ಇಲ್ಲ. ಕೆಲವು ಕಡೆ 3 ಸಾಕು, ಕೆಲವರು 5 ಕೇಳುತ್ತಾರೆ, ಎಂಐಟಿ ಈ ಪರೀಕ್ಷೆಗೆ ಕ್ರೆಡಿಟ್ಟೇ ಕೊಡುವುದಿಲ್ಲ. ಕಮ್ಯುನಿಟಿ ಕಾಲೇಜಿನ ಕೋರ್ಸ್ ಕ್ಯಾಲಿಫೋರ್ನಿಯಾದ ಯಾವ ಸರ್ಕಾರಿ ಯೂನಿವರ್ಸಿಟಿಯಲ್ಲಿ ಯಾವುದಕ್ಕೆ ಸಮ ಅಂತ ಅಸಿಸ್ಟ್ ಡಾಟ್ ಆರ್ಗ್‌ನಲ್ಲಿ ಇದೆ. ಸೇರಿಸುವ ಮುಂಚೆ ಹತ್ತು ನಿಮಿಷ ಅದನ್ನು ನೋಡಿ, ಮಗುವಿನ ಪಕ್ಕ ಕೂತು ನೋಡಿ.

ಕೋರ್ಸ್ ಬಿಟ್ಟ ದಿನ ಬಟನ್ ಒತ್ತಿದ್ದು ಹುಡುಗನೇ. ಅಪ್ಪ ಆಮೇಲೆ ನನ್ನ ಹತ್ತಿರ ಬರಲಿಲ್ಲ. ಆಗಸ್ಟ್‌ನಲ್ಲಿ ಜಾವಾ ಕ್ಲಾಸ್ ಶುರುವಾಯಿತು. ಮೊದಲ ಅಸೈನ್‌ಮೆಂಟ್‌ಗೆ 72 ಬಂತು, ಅವನೊಬ್ಬನೇ ಕೂತು ಮಾಡಿದ್ದು ಅಂತ ಅಮ್ಮ ಮೆಸೇಜ್ ಹಾಕಿದರು.