ಬಾಡಿ ಎತ್ತರಿಸುವ ಮೊದಲು ಟಯರಿನ ಲೆಕ್ಕ ಹಾಕಿ

ಗಾಡಿ ಮಾತು: ಓದುಗರ ಪ್ರಶ್ನೆಗೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಮೆಕ್ಯಾನಿಕ್ ಒಬ್ಬರ ಉತ್ತರ

ಪ್ರಶ್ನೆ: ನಮಸ್ಕಾರ ಅಣ್ಣಾ. ನನ್ನ ಹತ್ತಿರ ಹಳೆಯ ಮಾರುತಿ ಜಿಪ್ಸಿ ಇದೆ, ಎಂಜಿ413ಡಬ್ಲ್ಯೂ. ಮನೆ ಅಡೂರು ಕಡೆ. ರಸ್ತೆಯಿಂದ ತೋಟಕ್ಕೆ ಇಳಿಯುವ ದಾರಿ ಪೂರ್ತಿ ಮಣ್ಣು, ಇಳಿಜಾರು ಜಾಸ್ತಿ. ಮಳೆಗಾಲದಲ್ಲಿ ಚಕ್ರದ ಜಾಡು ಆಳವಾಗಿ ನಡುವೆ ದಿಣ್ಣೆ ಉಳಿಯುತ್ತದೆ. ಕಳೆದ ಮಳೆಗೆ ಹಿಂದಿನ ಆಕ್ಸಲಿನ ನಡುವೆ ಉಬ್ಬಿರುವ ಕ್ರೌನ್ ಹೌಸಿಂಗ್ ಆ ದಿಣ್ಣೆಗೆ ತಾಗಿ ಗಾಡಿ ಅಲ್ಲೇ ಕೂತಿತು. 2 ಇಂಚು ಬಾಡಿ ಲಿಫ್ಟ್ ಮಾಡಿಸು, 235/75 ಆರ್15 ಮಡ್ ಟಯರ್ ಹಾಕು ಎಂದು ಗೆಳೆಯರು ಹೇಳುತ್ತಾರೆ. ಮದ್ದು ಬಿಡುವ ಪಂಪು, ಡ್ರಮ್ಮು, ಗೊಬ್ಬರ ಎಲ್ಲ ಇದರಲ್ಲೇ ಸಾಗಿಸುವುದು. ಈಗಿರುವುದು ಕಂಪೆನಿಯ 205/70 ಆರ್15 ಟಯರ್. ಏನು ಮಾಡಲಿ?
— ಅಡಿಕೆ ಕೃಷಿಕ, ಅಡೂರು

ಉತ್ತರ: ತಾಗಿದ್ದು ಎಲ್ಲಿಗೆ ಎಂದು ನೀವು ಸರಿಯಾಗಿ ನೋಡಿ ಬರೆದಿದ್ದೀರಿ. ಹಾಗಾಗಿ ನನ್ನ ಕೆಲಸ ಸುಲಭವಾಯಿತು. ತಾಗಿದ್ದು ಕ್ರೌನ್ ಹೌಸಿಂಗ್. 2 ಇಂಚು ಅಲ್ಲ, 4 ಇಂಚು ಬಾಡಿ ಲಿಫ್ಟ್ ಮಾಡಿಸಿದರೂ ಆ ಹೌಸಿಂಗ್ ಒಂದು ನೂಲಿನಷ್ಟೂ ಮೇಲೆ ಬರುವುದಿಲ್ಲ.

ಜಿಪ್ಸಿಯಲ್ಲಿ ಕೆಳಗೆ ಚಾಸಿ ಬೇರೆ, ಮೇಲೆ ಬಾಡಿ ಬೇರೆ. ನಡುವೆ ರಬ್ಬರ್ ಮೌಂಟ್ ಇಟ್ಟು ಬೋಲ್ಟ್ ಬಿಗಿದಿರುತ್ತಾರೆ. ಬಾಡಿ ಲಿಫ್ಟ್ ಎಂದರೆ ಆ ಮೌಂಟಿನ ಜಾಗದಲ್ಲಿ ನೈಲಾನಿನದ್ದೋ ಅಲ್ಯೂಮಿನಿಯಂದೋ ಒಂದು ಬಿಲ್ಲೆ ಸೇರಿಸಿ, ಉದ್ದದ ಬೋಲ್ಟ್ ಹಾಕಿ ಬಾಡಿಯನ್ನು ಮಾತ್ರ ಎತ್ತುವುದು. ಇಂಜಿನ್, ಗೇರ್ ಬಾಕ್ಸ್, ಟ್ರಾನ್ಸ್‌ಫರ್ ಬಾಕ್ಸ್, ಆಕ್ಸಲ್ ಎಲ್ಲ ಇದ್ದಲ್ಲೇ ಇರುತ್ತವೆ. ಅದರಿಂದ ಸಿಗುವುದು ಒಂದೇ: ಮಡ್‌ಗಾರ್ಡಿಗೂ ಟಯರಿಗೂ ನಡುವೆ ಜಾಗ. ಸ್ಪ್ರಿಂಗ್ ಎತ್ತರಿಸಿದರೆ ಚಾಸಿ ಕೂಡ ಮೇಲೆ ಹೋಗುತ್ತದೆ, ಆದರೆ ಆಕ್ಸಲ್ ಆಗಲೂ ಕೆಳಗೇ. ಆಕ್ಸಲನ್ನು ನೆಲದಿಂದ ಎತ್ತುವುದು ಟಯರ್ ಮಾತ್ರ. ಅದೂ ಟಯರ್ ಎಷ್ಟು ದೊಡ್ಡದಾಯಿತೋ ಅದರ ಅರ್ಧದಷ್ಟು.

ಲೆಕ್ಕ ನೀವೇ ಹಾಕಬಹುದು. 205/70 ಆರ್15 ಎಂದರೆ ಅಗಲ 205 ಮಿ.ಮೀ. ಟಯರಿನ ಬದಿಯ ಎತ್ತರ ಅದರ ಶೇ. 70, ಅಂದರೆ 143.5. ಮೇಲೊಂದು ಕೆಳಗೊಂದು, ಒಟ್ಟು 287. ರಿಮ್ 15 ಇಂಚು, ಅಂದರೆ 381 ಮಿ.ಮೀ. ಎರಡೂ ಸೇರಿ 668. ಇದೇ ರೀತಿ 215/75 ಆರ್15 ಸುಮಾರು 703 ಆಗುತ್ತದೆ, 235/75 ಆರ್15 ಸುಮಾರು 733. ಈಗಿನದಕ್ಕಿಂತ ಮೊದಲನೆಯದು 35 ಮಿ.ಮೀ. ಜಾಸ್ತಿ, ಹೌಸಿಂಗ್ ಮೇಲೆ ಬರುವುದು 17-18. ಎರಡನೆಯದು 65 ಜಾಸ್ತಿ, ಹೌಸಿಂಗ್ ಮೇಲೆ ಬರುವುದು 32-33.

ನಾನು ಹೇಳುವುದಾದರೆ 215/75ರ ಆಲ್ ಟೆರೇನ್, ಅಂದರೆ ಡಾಮರು ಮಣ್ಣು ಎರಡಕ್ಕೂ ಆಗುವ ಟಯರ್ ಸಾಕು. ಅದು ಸಾಲದು ಅನಿಸಿದರೆ ಅದೇ ಸೈಜಿನ ಮಡ್ ಟಯರ್. ಈ ಸೈಜಿಗೆ ಜಿಪ್ಸಿಯಲ್ಲಿ ಬಾಡಿ ಎತ್ತುವ ಪ್ರಮೇಯ ಸಾಮಾನ್ಯವಾಗಿ ಬರುವುದಿಲ್ಲ. ಇನ್ನುಳಿದ 15 ಮಿ.ಮೀ.ಗಾಗಿ ನೀವು ಕೊಡಬೇಕಾದ ಬೆಲೆ ದೊಡ್ಡದು.

ಯಾಕೆಂದರೆ 235/75 ಹಾಕಿದ ಕೂಡಲೇ ಗಾಡಿಯ ಗೇರಿಂಗ್ ಶೇ. 10ರಷ್ಟು ಎತ್ತರ ಆಗುತ್ತದೆ, ಅಂದರೆ ಅದೇ ಗೇರು ಅದೇ ವೇಗದಲ್ಲಿ ಇಂಜಿನ್ ಮೊದಲಿಗಿಂತ ನಿಧಾನ ತಿರುಗುತ್ತದೆ. ಜಿಪ್ಸಿಯದ್ದು 1298 ಸಿಸಿ ಪೆಟ್ರೋಲ್ ಇಂಜಿನ್. ಆರ್‌ಪಿಎಂ ಮೇಲೆ ಹೋದಾಗಲೇ ಅದಕ್ಕೆ ಬಲ ಬರುವುದು. ಹಿಂದೆ ಭಾರ ಹೇರಿ ಏರು ಹತ್ತುವಾಗ ನೀವು ಕ್ಲಚ್ಚನ್ನು ಅರ್ಧ ಒತ್ತಿಯೇ ಗಾಡಿ ಎಳೆಸುತ್ತೀರಿ. ಅದಕ್ಕೆ ಕ್ಲಚ್ ಪ್ಲೇಟ್ ಬಲಿ. ಸ್ಪೀಡೋಮೀಟರ್ 60 ತೋರಿಸುವಾಗ ನಿಜಕ್ಕೆ 66ರ ಹತ್ತಿರ ಓಡುತ್ತಿರುತ್ತೀರಿ. ಮಡ್ ಟಯರ್ ತೂಕ ಜಾಸ್ತಿ, ಬ್ರೇಕ್ ಹಿಡಿಯುವ ದೂರ ಜಾಸ್ತಿ. ಮುಂದಿನ ಕಿಂಗ್ ಪಿನ್ ಬೇರಿಂಗ್ ಸ್ವಲ್ಪ ಸವೆದಿದ್ದರೂ ಸ್ಟೇರಿಂಗ್ ನಡುಗಲು ಶುರು. ಇದೆಲ್ಲ ಸರಿ ಮಾಡಿಸಿಕೊಂಡು ದೊಡ್ಡ ಟಯರಿನಲ್ಲಿ ಓಡಿಸುವವರು ಇದ್ದಾರೆ, ಇಲ್ಲ ಎನ್ನುವುದಿಲ್ಲ. ಅವರ ಗಾಡಿ ಆಟಕ್ಕೆ, ನಿಮ್ಮದು ದುಡಿಮೆಗೆ.

ಇನ್ನು ಡ್ರಮ್ಮಿನ ವಿಷಯ. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ 200 ಲೀಟರ್ ಎಂದರೆ 200 ಕಿಲೋಗಿಂತ ಕಮ್ಮಿ ಇಲ್ಲ. ಅದು ಬಾಡಿಯ ಮೇಲೆ ಕೂರುವ ಭಾರ. ಬಾಡಿಯನ್ನು 2 ಇಂಚು ಎತ್ತಿದರೆ ಡ್ರಮ್ಮೂ 2 ಇಂಚು ಎತ್ತರಕ್ಕೆ ಹೋಯಿತು. ನಮ್ಮ ತೋಟದ ದಾರಿ ಹೇಗಿರುತ್ತದೆ ಗೊತ್ತಲ್ವಾ? ಒಂದು ಬದಿ ಬರೆ, ಅಂದರೆ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಬದಿ ಕೆಳಗಿನ ತಟ್ಟಿನ ಅಡಿಕೆ ಮರಗಳ ತಲೆ. ಗಾಡಿ ಆ ಕಡೆ ವಾಲಿದಾಗ ಡ್ರಮ್ಮಿನೊಳಗಿನ ನೀರೂ ಅದೇ ಬದಿಗೆ ನುಗ್ಗುತ್ತದೆ. ಅರ್ಧ ತುಂಬಿದ ಡ್ರಮ್ಮು ಪೂರ್ತಿ ತುಂಬಿದ್ದಕ್ಕಿಂತ ಜಾಸ್ತಿ ತುಳುಕುತ್ತದೆ. ಡ್ರೈವರ್ ಬದಿಯ ಚಕ್ರ ಹಗುರಾಯಿತು ಎಂದು ಗೊತ್ತಾಗುವಷ್ಟರಲ್ಲಿ ಮಾಡಲು ಏನೂ ಉಳಿದಿರುವುದಿಲ್ಲ. ತೋಟದ ಗಾಡಿಗೆ ಬಾಡಿ ಲಿಫ್ಟ್ ಬೇಡ ಎಂದು ನಾನು ಹಠ ಹಿಡಿಯುವುದು ಮುಖ್ಯವಾಗಿ ಇದಕ್ಕೇ. ಸಾಧ್ಯವಾದರೆ ದ್ರಾವಣವನ್ನು ಕೆಳಗೆ ತೋಟದಲ್ಲೇ ಮಾಡಿ. ಖಾಲಿ ಡ್ರಮ್ಮು, ಮೈಲುತುತ್ತು, ಸುಣ್ಣ ಮಾತ್ರ ಗಾಡಿಯಲ್ಲಿ ಹೋಗಲಿ.

215/75 ತಾಗುತ್ತದೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಲು ದಾರಿ ಇದೆ. ನಾಲ್ಕೂ ಕೊಳ್ಳುವ ಮೊದಲು ಅಂಗಡಿಯವರಲ್ಲಿ ಕೇಳಿ ಎರಡನ್ನು ಮುಂದೆ ಹಾಕಿಸಿ. ಟಯರಿನ ಹೆಗಲಿಗೆ, ಅಂದರೆ ಬಟನ್ ಮುಗಿದು ಬದಿ ಶುರುವಾಗುವಲ್ಲಿ, ಸುತ್ತಲೂ ದಪ್ಪಕ್ಕೆ ಸೀಮೆಸುಣ್ಣ ಬಳಿಯಿರಿ. ಎಡ ಮುಂದಿನ ಚಕ್ರವನ್ನು ಮುರಕಲ್ಲಿನ ಅಟ್ಟಿಯ ಮೇಲೆ ನಿಧಾನ ಹತ್ತಿಸಿ, ಸ್ಪ್ರಿಂಗ್ ಪೂರ್ತಿ ಒತ್ತಿಕೊಳ್ಳಲಿ. ಇಂಜಿನ್ ಆಫ್ ಮಾಡಿ, ಹ್ಯಾಂಡ್ ಬ್ರೇಕ್ ಎಳೆದು, ಉಳಿದ ಚಕ್ರಗಳಿಗೆ ಅಡ್ಡ ಕಲ್ಲು ಕೊಡಿ. ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೊನೆಯವರೆಗೆ ತಿರುಗಿಸಿ. ಆಮೇಲೆ ಟಾರ್ಚ್ ಹಿಡಿದು ಮಡ್‌ಗಾರ್ಡಿನ ಒಳಗೆ, ಬಂಪರಿನ ಮೂಲೆಯಲ್ಲಿ, ಸ್ಪ್ರಿಂಗ್ ಪಟ್ಟಿಯ ಬದಿಯಲ್ಲಿ ನೋಡಿ. ಬಿಳಿ ಗೀರು ಇದ್ದರೆ ಅಲ್ಲಿ ತಾಗಿದೆ. ಬಲ ಬದಿಗೂ ಹೀಗೆಯೇ ಮಾಡಿ. ಬಂಪರಿನ ಮೂಲೆಗೆ ತುಸು ಉಜ್ಜಿದರೆ ಸ್ಟೇರಿಂಗ್ ಸ್ಟಾಪ್ ಬೋಲ್ಟನ್ನು ಒಂದೆರಡು ಸುತ್ತು ಹೊರಗೆ ತಂದರೆ ಆಯಿತು. ತಿರುವು ಸ್ವಲ್ಪ ದೊಡ್ಡದಾಗುತ್ತದೆ, ಅಷ್ಟೇ.

ಹಳೆ ಗಾಡಿ ಎಂದಿದ್ದೀರಿ. ಹಿಂದಿನ ಪಟ್ಟಿಗಳು ಚಪ್ಪಟೆ ಆಗಿರುವ ಸಾಧ್ಯತೆ ಇದೆ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಚಕ್ರದ ಹಬ್ಬಿನ ನಡುವಿನಿಂದ ಮಡ್‌ಗಾರ್ಡಿನ ಅಂಚಿಗೆ ನಾಲ್ಕೂ ಕಡೆ ಟೇಪ್ ಹಿಡಿದು ಅಳೆಯಿರಿ. ಎಡ ಬಲ ಒಂದು ಬೆರಳಿನಷ್ಟು ವ್ಯತ್ಯಾಸ ಇದ್ದರೆ ಮೊದಲು ಪಟ್ಟಿ, ಬುಷ್, ಶ್ಯಾಕಲ್ ಸರಿ ಮಾಡಿಸಿ. ಟಯರಿನ ಮಾತು ಆಮೇಲೆ.

ಆ ದಿಣ್ಣೆಯನ್ನೂ ಬಿಡಬೇಡಿ. ವರ್ಷಕ್ಕೆ 3500 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ ನಮ್ಮದು. ಇಳಿಜಾರಿನ ದಾರಿಯಲ್ಲಿ ನೀರು ಹರಿಯುವುದೇ ಚಕ್ರದ ಜಾಡಿನಲ್ಲಿ. ಮಡ್ ಟಯರ್ ಅಲ್ಲೇ ತಿರುಗಿದರೆ ಜಾಡು ಇನ್ನೂ ಆಳವಾಗುತ್ತದೆ. ಮಳೆ ಹಿಡಿಯುವ ಮೊದಲು ಒಂದು ದಿನ ಪಿಕ್ಕಾಸು ಹಿಡಿದು ದಿಣ್ಣೆ ಕಡಿಯಿರಿ, ಜಾಡಿಗೆ ಮುರಕಲ್ಲಿನ ತುಂಡು ತುಂಬಿ ಗುದ್ದಿ, ಅಲ್ಲಲ್ಲಿ ಓರೆಯಾಗಿ ಅಡ್ಡ ಕಣಿ ತೆಗೆದು ನೀರನ್ನು ಬದಿಗೆ ಬಿಡಿ. ಎಷ್ಟೋ ಸಲ ಗಾಡಿಗೆ ಹಾಕಬೇಕೆಂದಿದ್ದ ದುಡ್ಡನ್ನು ದಾರಿಗೆ ಹಾಕಿ ಎಂದು ನಾನೇ ಹೇಳಿ ಕಳಿಸಿದ್ದುಂಟು. ಎರಡು ಸಾಲು ಕಾಂಕ್ರೀಟ್ ಹಾಕಿಸಿದರಂತೂ ಹಲವು ವರ್ಷ ನಿಶ್ಚಿಂತೆ.

ಇಷ್ಟಾಗಿಯೂ ಬಾಡಿ ಲಿಫ್ಟ್ ಬೇಕೇ ಬೇಕು ಎನ್ನುವವರು 1 ಇಂಚಿನ ಮೇಲೆ ಹೋಗಬೇಡಿ. ಬಾಡಿ ಎದ್ದಾಗ ಜೊತೆಗೆ ಎಳೆಯಲ್ಪಡುವುದು ಏನೇನು ಎಂದು ಒಂದೊಂದಾಗಿ ನೋಡಬೇಕು: ಸ್ಟೇರಿಂಗ್ ಶಾಫ್ಟಿನ ಜಾಯಿಂಟ್, ಬ್ರೇಕ್ ಪೈಪು, ಕ್ಲಚ್ ಮತ್ತು ಆಕ್ಸಿಲರೇಟರ್ ಕೇಬಲ್, ಪೆಟ್ರೋಲ್ ತುಂಬುವ ಹೋಸ್, ಇಂಜಿನಿನಿಂದ ಬಾಡಿಗೆ ಬರುವ ಅರ್ತ್ ವಯರ್. ರೇಡಿಯೇಟರ್ ಬಾಡಿಯ ಜೊತೆ ಮೇಲೆದ್ದರೆ ಫ್ಯಾನು ಅದರ ಸುತ್ತಲಿನ ಶ್ರೌಡಿಗೆ ತಾಗುತ್ತದೆ. ಜಿಪ್ಸಿಯ ಟ್ರಾನ್ಸ್‌ಫರ್ ಬಾಕ್ಸ್ ಗೇರ್ ಬಾಕ್ಸಿನಿಂದ ಬೇರೆ ಇರುವುದು, ಅದರ ಲಿವರ್ ಬೇರೆ. ಫ್ಲೋರ್ ಮೇಲೆದ್ದಾಗ ಲಿವರ್ ತೂತಿನ ಅಂಚಿಗೆ ತಾಗಿ ಗೇರ್ ಪೂರ್ತಿ ಬೀಳದೆ ಇರಬಹುದು. ಬೋಲ್ಟಿನ ತಲೆಯ ಮೇಲೆ 8.8 ಎಂದಾದರೂ ಬರೆದಿರಬೇಕು, 10.9 ಆದರೆ ಇನ್ನೂ ಒಳ್ಳೆಯದು. ಎಲ್ಲೋ ಲಿಫ್ಟ್ ಮಾಡಿಸಿದ ಜೀಪೊಂದು ನಮ್ಮ ಗ್ಯಾರೇಜಿಗೆ ಬಂದಿತ್ತು. ಓನರ್ ಹೇಳಿದ ದೂರು ಬಾಗಿಲು ಹಾಕಲಾಗುವುದಿಲ್ಲ ಎಂದಷ್ಟೇ. ಮ್ಯಾಟ್ ಎತ್ತಿ ನೋಡಿದರೆ ಬಿಲ್ಲೆಗಳ ಜಾಗದಲ್ಲಿ ಮರದ ತುಂಡು, ಬೋಲ್ಟಿನ ತಲೆಯಲ್ಲಿ ಯಾವ ಗುರುತೂ ಇಲ್ಲ. ಒಂದನ್ನು ಬಿಚ್ಚಿದಾಗ ಅದು ಬಾಳೆಹಣ್ಣಿನ ಹಾಗೆ ಬಗ್ಗಿತ್ತು. ನೀರು ಕುಡಿದ ಮರ ಒಂದು ಬದಿ ಕುಗ್ಗಿ ಇಡೀ ಬಾಡಿ ಓರೆಯಾಗಿತ್ತು. ಆ ಜೀಪಿನಲ್ಲಿ ಶಾಲೆಗೆ ಹೋಗುವ ಮಕ್ಕಳು ಕೂರುತ್ತಿದ್ದರು.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿನ ವಿವರ ಕಂಪೆನಿ ಕೊಟ್ಟದ್ದಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು, ಅದೂ ಕೇರಳದಿಂದ ಹೋದ ಕೇಸಿನಲ್ಲಿ. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಾಯಿತು. ಟಯರ್ ಸೈಜು ಬದಲಿಸುವುದಾದರೂ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರ ಬರಹದಲ್ಲಿ ಸಿಕ್ಕಿದರೆ ಇಟ್ಟುಕೊಳ್ಳಿ. ಅವರು ಆಗದು ಎಂದರೆ 205/70ರಲ್ಲೇ ಹಿಡಿತ ಚೆನ್ನಾಗಿರುವ ಟಯರ್ ಹಾಕಿ, ದಾರಿ ಸರಿ ಮಾಡಿಕೊಳ್ಳಿ. ಅಪಘಾತ ಆದಾಗ ಇನ್ಶೂರೆನ್ಸ್‌ನವರು ಮೊದಲು ಹುಡುಕುವುದು ಇಂಥದ್ದನ್ನೇ.

ಟಯರ್ ಕೊಳ್ಳಲು ಮಂಗಳೂರಿಗೆ ಹೋದರೆ ಬದಿಯಲ್ಲಿರುವ ನಾಲ್ಕು ಅಂಕಿ ನೋಡಲು ಮರೆಯಬೇಡಿ. 2324 ಎಂದಿದ್ದರೆ 2024ರ 23ನೇ ವಾರ ತಯಾರಾದದ್ದು. ಮಡ್ ಟಯರ್ ಅಂಗಡಿಯಲ್ಲಿ ಬೇಗ ಖರ್ಚಾಗುವುದಿಲ್ಲ, ಹಳೆ ಸ್ಟಾಕ್ ಇರಬಹುದು.

ಪ್ರಶ್ನೆ: ನಮ್ಮದು ಹೊಸ ಥಾರ್, 18 ಇಂಚು ರಿಮ್ಮಿನದ್ದು. ಬಾಡಿ ಲಿಫ್ಟ್ ಮಾಡಿಸಬೇಕೆಂದು ಮಗನ ಹಠ. ಈಗಲೇ ಅತ್ತೆಗೆ ಹತ್ತಲು ಕಷ್ಟ. ಮಗನಿಗೆ ಏನು ಹೇಳಲಿ?
— ಗೃಹಿಣಿ, ಪೆರ್ಲ

ಉತ್ತರ: ಅಕ್ಕಾ, ಈ ಉತ್ತರವನ್ನು ಮಗನಿಗೇ ಓದಲು ಕೊಡಿ. 255/65 ಆರ್18 ಟಯರಿನ ಎತ್ತರ ಆಗಲೇ 31 ಇಂಚು. ಗಾಡಿಯ ಗ್ರೌಂಡ್ ಕ್ಲಿಯರೆನ್ಸ್ 226 ಮಿ.ಮೀ., ನೀರಿನಲ್ಲಿ 650 ಮಿ.ಮೀ. ಆಳದವರೆಗೆ ಹೋಗಬಹುದೆಂದು ಕಂಪೆನಿಯೇ ಹೇಳುತ್ತದೆ. ಪೆರ್ಲದಿಂದ ರಾಣಿಪುರಕ್ಕೆ ಹೋಗಿ ಬರಲು ಇದಕ್ಕಿಂತ ಜಾಸ್ತಿ ಏನೂ ಬೇಡ. ಎತ್ತರಿಸಿದರೆ ವಾರಂಟಿಯ ತಕರಾರು ಬೇರೆ. ಆ ದುಡ್ಡಿನಲ್ಲಿ ಗಟ್ಟಿ ಫುಟ್‌ಸ್ಟೆಪ್ಪು ಮತ್ತು ಒಳಗೆ ಹಿಡಿದು ಹತ್ತಲು ಒಂದು ಹಿಡಿಕೆ ಹಾಕಿಸಿ. ಫುಟ್‌ಸ್ಟೆಪ್ ಚಾಸಿಗೆ ಕೂರುವಂಥದ್ದೇ ಇರಲಿ, ಬಾಡಿಯ ತಗಡಿಗೆ ಸ್ಕ್ರೂ ಹಾಕುವಂಥದ್ದು ಬೇಡ. ಅತ್ತೆಯವರನ್ನು ಮುಂದಿನ ಸೀಟಿನಲ್ಲೇ ಕೂರಿಸಿ. ಮೂರು ಬಾಗಿಲಿನ ಥಾರಾದರೆ ಹಿಂದೆ ಹೋಗಲು ಸೀಟು ಮಡಚಿ ನುಸುಳಬೇಕು, ಅದು ಅವರಿಗೆ ಆಗದು.

ಪ್ರಶ್ನೆ: ಕೆಸರಿನಲ್ಲಿ ಗಾಳಿ ಇಳಿಸಿ ಓಡಿಸಿ ಎನ್ನುತ್ತಾರಲ್ಲ, ಎಷ್ಟು ಇಳಿಸಬೇಕು?
— ಜೀಪು ಚಾಲಕ, ದೇಲಂಪಾಡಿ

ಉತ್ತರ: ಟ್ಯೂಬ್‌ಲೆಸ್ ಟಯರಾದರೆ 18ರಿಂದ 20 ಪಿಎಸ್‌ಐ. ಟಯರ್ ಅಗಲವಾಗಿ ಊರುತ್ತದೆ, ಹಿಡಿತ ಕೂಡಲೇ ಗೊತ್ತಾಗುತ್ತದೆ. 15ಕ್ಕಿಂತ ಕೆಳಗೆ ಹೋದರೆ ತಿರುವಿನಲ್ಲಿ ಟಯರ್ ರಿಮ್ಮಿನಿಂದ ಕಳಚಬಹುದು. ಟ್ಯೂಬ್ ಇದ್ದರೆ ಅಷ್ಟು ಇಳಿಸಬೇಡಿ. ಟಯರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತು ಬರುತ್ತದೆ. ಭಾರ ಅಥವಾ ಪ್ರಯಾಣಿಕರು ಇರುವಾಗ ಇಳಿಸುವುದೇ ಬೇಡ. ಡಾಮರು ರಸ್ತೆಗೆ ಹತ್ತುವ ಮೊದಲು ಪುನಃ ಗಾಳಿ ತುಂಬಲೇಬೇಕು. ಬ್ಯಾಟರಿಗೆ ಸಿಕ್ಕಿಸುವ ಸಣ್ಣ 12 ವೋಲ್ಟ್ ಪಂಪು ಮತ್ತು ಒಂದು ಒಳ್ಳೆಯ ಗೇಜು ಸೀಟಿನಡಿ ಇಟ್ಟುಕೊಳ್ಳಿ.