ಬಾಂದುಕಲ್ಲು ಕಾಣೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ನಮ್ಮ ಹೊಲದ ಟಿಪ್ಪಣಿಯಲ್ಲಿ (ಸರ್ವೆಯವರು ಅಳತೆ ಬರೆದ ನಕ್ಷೆ) ಪೂರ್ವದ ಬದುವಿಗೆ ಮೂರು ಬಾಂದುಕಲ್ಲು, ಅಂದರೆ ಗಡಿಕಲ್ಲು, ತೋರಿಸಿದ್ದಾರೆ. ತುದಿಯ ಎರಡು ಸಿಕ್ಕಿವೆ, ನಡುವಿನದು ಇಲ್ಲ. ಟೇಪು ಹಿಡಿದು ನಾವೇ ಹುಡುಕಬಹುದೇ? (ಹಿರಿಯೂರಿನ ಓದುಗರು)

ಹುಡುಕಬಹುದು, ಆದರೆ ನೆಡುವಂತಿಲ್ಲ. ನೆಡಿಸಬೇಕಾದರೆ ಹದ್ದುಬಸ್ತಿಗೆ (ಅಳೆದು ಗಡಿ ಗುರುತಿಸಿಕೊಡುವುದು) ಅರ್ಜಿ ಹಾಕಬೇಕು, ಅಕ್ಕಪಕ್ಕದವರಿಗೆ ನೋಟಿಸು ಹೋಗಬೇಕು, ಭೂಮಾಪಕರು ಬರಬೇಕು. ಅವರು ಬರುವಷ್ಟರಲ್ಲಿ ಹಳೆಯ ಕಲ್ಲು ಪತ್ತೆಯಾಗಿದ್ದರೆ ಅರ್ಧ ಜಗಳ ಅಲ್ಲೇ ತೀರುತ್ತದೆ. ಜಾಗ ಬಿಟ್ಟು ಕದಲದ ಕಲ್ಲಿನ ಮುಂದೆ ಯಾವ ಟೇಪಿನ ಮಾತೂ ನಡೆಯುವುದಿಲ್ಲ.

ಹಳೇ ಮೈಸೂರು ಸೀಮೆಯ ಟಿಪ್ಪಣಿಯ ಸರಪಳಿ 33 ಅಡಿಯದು, ಅದಕ್ಕೆ 16 ಆಣೆ. ಅಂದರೆ ಒಂದು ಆಣೆಗೆ 2 ಅಡಿ ಮುಕ್ಕಾಲು ಇಂಚು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಒಂದು ಗುಂಟೆ, 1,089 ಚದರಡಿ. (ಮದ್ರಾಸ್ ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡ, ಬಳ್ಳಾರಿಯ ಕಡೆಯವರು ಈ ಲೆಕ್ಕ ಹಿಡಿಯಬೇಡಿ. ಅಲ್ಲಿ ಸೆಂಟು, ಅಲ್ಲಿನ ಸರಪಳಿ 66 ಅಡಿಯದು, ಅದಕ್ಕೆ 100 ಲಿಂಕು.)

ಎಲ್ಲರೂ ಎಡವುವುದು ಟಿಪ್ಪಣಿಯ ಅಂಕಿಯನ್ನು ನೇರ ಅಡಿಗೆ ತಿರುಗಿಸಿ ಅಲ್ಲೇ ಗುದ್ದಲಿ ಹಾಕುವಲ್ಲಿ. ಹಳೆಯ ಸರಪಳಿ ಎಳೆದು ಎಳೆದು ಬಳೆ ಸವೆದು ಉದ್ದವಾಗಿರುತ್ತಿತ್ತು. ಆದ್ದರಿಂದ ಮೊದಲು ಸಿಕ್ಕಿರುವ ಎರಡು ಕಲ್ಲುಗಳ ನಡುವೆ ಅಳೆಯಿರಿ. ಟಿಪ್ಪಣಿಯಲ್ಲಿ ಆ ದೂರ 12 ಸರಪಳಿ 8 ಆಣೆ, ಅಂದರೆ 412 ಅಡಿ 6 ಇಂಚು ಇದೆ, ನೆಲದಲ್ಲಿ 414 ಅಡಿ 7 ಇಂಚು ಬಂತು ಎನ್ನಿ. ನಡುಗಲ್ಲು 5 ಸರಪಳಿ 4 ಆಣೆಗೆ ಇದ್ದರೆ ಲೆಕ್ಕಕ್ಕೆ 173 ಅಡಿ 3 ಇಂಚು. ಹೆಚ್ಚಳವನ್ನು ಅದೇ ಪ್ರಮಾಣದಲ್ಲಿ ಹಂಚಿದರೆ 174 ಅಡಿ ಒಂದೂವರೆ ಇಂಚು. ಹತ್ತೂವರೆ ಇಂಚಿನ ಫರಕು, ಕಲ್ಲಿಗೆ ಗುದ್ದಲಿ ತಾಗದೆ ಹೋಗಲು ಅಷ್ಟು ಸಾಕು.

ಇಳಿಜಾರಿನಲ್ಲಿ ಟೇಪನ್ನು ನೆಲಕ್ಕೆ ಹಾಸಬೇಡಿ. 10 ಡಿಗ್ರಿ ಇಳಿಜಾರಿದ್ದರೆ ಸರಪಳಿಗೆ 6 ಇಂಚು ತಪ್ಪುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಟೇಪನ್ನು ಮಟ್ಟಕ್ಕೆ ಹಿಡಿದು ತೂಗುಗುಂಡು ಬಿಡಿ.

ಗುರುತಿನ ಸುತ್ತ ಮೂರಡಿಯಲ್ಲಿ ಕಬ್ಬಿಣದ ಸಲಾಕೆಯನ್ನು ಗೇಣಿಗೊಂದರಂತೆ ಒತ್ತಿ ನೋಡಿ, ಬಡಿಯಬೇಡಿ. ಬೆಣಚಿಗೆ ತಾಗಿದರೆ ಠಣ್ ಎಂದು ಕೈಗೆ ತಿಳಿಯುತ್ತದೆ. ಲೋಹಶೋಧಕ ಬಾಡಿಗೆಗೆ ತಂದವರೂ ಇದ್ದಾರೆ. ಕಲ್ಲಿನಲ್ಲಿ ಕಬ್ಬಿಣವೆಲ್ಲಿ? ಬದುವಿನ ಒಡಲನ್ನಂತೂ ಬಿಡಬೇಡಿ, ವರ್ಷವರ್ಷ ಮಣ್ಣು ಎಳೆದು ಬದು ದಪ್ಪವಾದಾಗ ಕಲ್ಲು ಅದರೊಳಗೇ ಹೂತುಹೋಗಿರುತ್ತದೆ. ತಲೆ ಮುರಿದು ಬುಡ ಮಾತ್ರ ಉಳಿದಿದ್ದರೂ ಅದೇ ಗಡಿ. ಕೀಳದೆ ಫೋಟೊ ತೆಗೆದು ಬಿಡಿ.

ಪ್ರಶ್ನೆ: ಜೆಸಿಬಿ ತಾಗಿ ಗಡಿಕಲ್ಲು ವಾಲಿದೆ. ಎತ್ತಿ ನಿಲ್ಲಿಸಿ ಸಿಮೆಂಟು ಹಾಕಿಸಲೇ? (ಗದಗಿನ ಓದುಗರು)

ಭೂಮಾಪಕರೂ ಪಕ್ಕದ ಹೊಲದವರೂ ಎದುರಿಗಿಲ್ಲದೆ ಮುಟ್ಟಬೇಡಿ. ಗಡಿಗುರುತು ಕೆಡಿಸಿದವರಿಗೆ 1964ರ ಭೂಕಂದಾಯ ಕಾಯಿದೆಯಲ್ಲಿ ದಂಡವಿದೆ, ಒಳ್ಳೆಯ ಮನಸ್ಸಿನಿಂದ ಎತ್ತಿದಿರೋ ಕೆಟ್ಟ ಮನಸ್ಸಿನಿಂದಲೋ ಎಂದು ಆಮೇಲೆ ಯಾರು ಹೇಳುತ್ತಾರೆ?

ವಾಲಿದ ಕಲ್ಲಿನಲ್ಲಿ ಜಾಗ ಹೇಳುವುದು ಬುಡ, ತಲೆಯಲ್ಲ. ಅಗೆಯುವ ಮುನ್ನ ಗುಂಡಿಯ ಆಚೆಗೆ ನಾಲ್ಕು ಗೂಟ ಹೊಡೆದು, ಎದುರುಬದುರಿಗೆ ಎರಡು ದಾರ ಕಟ್ಟಿ, ಅವು ಕೂಡುವ ಬಿಂದು ಬುಡದ ನೆತ್ತಿಗೆ ಬರುವಂತೆ ಮಾಡಿಕೊಳ್ಳಬೇಕು. ಕಲ್ಲು ಮತ್ತೆ ಇಳಿಸುವಾಗ ಆ ದಾರವೇ ಸಾಕ್ಷಿ. ಮೂರರಲ್ಲಿ ಎರಡು ಪಾಲು ನೆಲದೊಳಗಿರಲಿ.

ನಿಮ್ಮದು ಎರೆಭೂಮಿಯಾದರೆ ಸಿಮೆಂಟು ವ್ಯರ್ಥ. ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವ ಮಣ್ಣು ಸಿಮೆಂಟಿನ ಗಟ್ಟಿಯನ್ನು ಕಲ್ಲಿನ ಸಮೇತ ಓರೆ ಮಾಡುತ್ತದೆ. ಗುಂಡಿಯನ್ನು ಅಗಲವಾಗಿ ತೋಡಿ, ಎರೆಮಣ್ಣು ತೆಗೆದುಹಾಕಿ, ಗರಸನ್ನೂ ಒಡಕಲ್ಲನ್ನೂ ನಾಲ್ಕು ನಾಲ್ಕು ಇಂಚಿನ ಪದರವಾಗಿ ನೀರು ಚಿಮುಕಿಸಿ ದಮ್ಮಸು ಮಾಡಿ. ಒಂದೇ ಸಲ ತುಂಬಿ ಮೇಲೆ ಮಾತ್ರ ಕುಟ್ಟಿದ ಗುಂಡಿ ಮೊದಲ ಮಳೆಗೇ ಕುಸಿಯುತ್ತದೆ.

ಪ್ರಶ್ನೆ: ಕೆರೆ ಅಂಗಳದಲ್ಲಿ ಲಿಂಗ, ಮೇಲೆ ಸೂರ್ಯ ಚಂದ್ರ ಕೆತ್ತಿದ ಕಲ್ಲು ಸಿಕ್ಕಿದೆ. ಇದೂ ಸರ್ವೆ ಕಲ್ಲೇ? (ಶಿಕಾರಿಪುರದ ಓದುಗರು)

ಅಲ್ಲ, ಸರ್ವೆ ಇಲಾಖೆಗಿಂತ ಬಹಳ ಹಿಂದಿನದು. ಶಿವಾಲಯಕ್ಕೆ ಬಿಟ್ಟ ಭೂಮಿಯ ಎಲ್ಲೆಗೆ ನೆಟ್ಟ ಲಿಂಗಮುದ್ರೆ ಕಲ್ಲು ಅದು. ಕೊಡೆ ಹಿಡಿದ ವಾಮನನಿದ್ದರೆ ಬ್ರಾಹ್ಮಣರಿಗೆ ಕೊಟ್ಟ ದತ್ತಿ, ಮುಕ್ಕೊಡೆ (ಒಂದರ ಮೇಲೊಂದು ಮೂರು ಕೊಡೆ) ಇದ್ದರೆ ಜೈನ ಬಸದಿಯದು. ಸೂರ್ಯ ಚಂದ್ರ ಇರುವುದು ದಾನ ಆಚಂದ್ರಾರ್ಕ, ಅಂದರೆ ಸೂರ್ಯ ಚಂದ್ರರಿರುವವರೆಗೂ, ನಡೆಯಲಿ ಎಂದು. ಈಗಿನ ಸರ್ವೆ ನಂಬರಿನ ಗಡಿಗೆ ಇದನ್ನು ಸಾಕ್ಷಿ ಮಾಡಲು ಹೋಗಬೇಡಿ.

ಊರವರು ಗುಡಿಯ ಅಂಗಳಕ್ಕೆ ಸಾಗಿಸುವ ಮೊದಲು ನಿಂತ ಜಾಗ, ಮುಖ ಮಾಡಿದ ದಿಕ್ಕು ಬರೆದಿಡಿ. ದಾನದ ಭೂಮಿ ಎಲ್ಲಿಯವರೆಗಿತ್ತು ಎನ್ನುವುದು ಆ ಜಾಗದಿಂದಲೇ ತಿಳಿಯಬೇಕು, ಕಲ್ಲು ಕದಲಿದರೆ ಉಳಿಯುವುದು ಚಿತ್ರ ಮಾತ್ರ. ಪುರಾತತ್ವ ಇಲಾಖೆಗೆ ಫೋಟೊ ಸಹಿತ ತಿಳಿಸಿ. ಅಕ್ಷರವಿದೆಯೇ ಎಂದು ನೋಡಲು ನೀರು, ಮೆತ್ತನೆ ಬ್ರಷ್ಷು ಸಾಕು. ಬೆಳಗಿನ ಓರೆ ಬಿಸಿಲಿನಲ್ಲಿ ನೋಡಿದರೆ ಮಧ್ಯಾಹ್ನ ಕಾಣದ ಗೆರೆ ಕಾಣುತ್ತದೆ. ತಂತಿ ಬ್ರಷ್ಷು, ಎಣ್ಣೆ, ಬಣ್ಣ ಮೂರೂ ಬೇಡ. ಬಣ್ಣ ಬಳಿದ ಕಲ್ಲಿನ ಸಣ್ಣ ಅಕ್ಷರಗಳು ಅದರಡಿ ಮುಚ್ಚಿಹೋಗುತ್ತವೆ, ಬಣ್ಣ ಕೆರೆಯಲು ಹೋದರೆ ಅವೂ ಕಿತ್ತುಬರುತ್ತವೆ.